ಸ್ಟೀರಿಯೋ ದೊಡ್ಡದಾಯ್ತು, ಬ್ಯಾಟರಿನೂ ದೊಡ್ಡದು ಬೇಕಾ?

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಕಡೆ ಕಾರಿಗೆ ಆಂಪ್ಲಿಫೈಯರ್, ಸಬ್‌ವೂಫರ್ ಹಾಕಿಸಿದವರೇ, ಬ್ಯಾಟರಿ ಬದಲಿಸೋ ಮುಂಚೆ ಇದನ್ನ ಕೇಳಿ.

ಎಂಜಿನ್ ಓಡುತ್ತಿರುವಾಗ ಸ್ಟೀರಿಯೋಗೆ ಕರೆಂಟ್ ಕೊಡೋದು ಮುಖ್ಯವಾಗಿ ಆಲ್ಟರ್ನೇಟರ್. ಆಗಲೂ ಬೀಟ್‌ಗೆ ಹೆಡ್‌ಲೈಟ್ ಮಂಕಾಗ್ತಿದ್ರೆ ಮೊದಲು ಆಲ್ಟರ್ನೇಟರ್, ಅರ್ತಿಂಗ್ ವೈರ್ ಚೆಕ್ ಮಾಡಿಸಿ. ಬರೀ ದೊಡ್ಡ ಬ್ಯಾಟರಿಯಿಂದ ಅದು ಸರಿಹೋಗಲ್ಲ.

ಎಂಜಿನ್ ನಿಲ್ಲಿಸಿ ಹಾಡು ಹಾಕೋರಿಗೆ ಎಎಚ್ ಲೆಕ್ಕ ಮುಖ್ಯ. 35 ಎಎಚ್ ಬ್ಯಾಟರಿಯಿಂದ 10 ಆಂಪಿಯರ್ ಎಳೆದರೆ 2 ಗಂಟೆಗೆ ಅರ್ಧಕ್ಕಿಂತ ಹೆಚ್ಚು ಖಾಲಿ. ಜಾತ್ರೆ ಮುಗಿಸಿ ರಾತ್ರಿ ಪಾವಗಡ ರಸ್ತೆಯಲ್ಲಿ ಗಾಡಿ ಸ್ಟಾರ್ಟ್ ಆಗದಿದ್ರೆ ತಳ್ಳೋರು ಯಾರು?

ಟ್ರೇ ಅಳತೆ, ಪ್ಲಸ್ ಟರ್ಮಿನಲ್ ಎಡವೋ ಬಲವೋ, ತಯಾರಾದ ತಿಂಗಳು ನೋಡಿ ತಗೊಳ್ಳಿ. ಆಂಪ್ ವೈರಿಗೆ ಬ್ಯಾಟರಿ ಪಕ್ಕದಲ್ಲೇ ಫ್ಯೂಸ್ ಇರಲಿ. ಇಲ್ದಿದ್ರೆ ಶಾರ್ಟ್ ಆದಾಗ ಬೆಂಕಿನೇ.