ನಾಗಾ ನಗರದ ಮೇಯರ್ ಜೆಸ್ಸಿ ರೊಬ್ರೆಡೊ



ಮನೆತನದ ರಾಜಕಾರಣವನ್ನು ಕಾನೂನು ಮಾಡಿ ತಡೆಯಬೇಕು ಎಂದು ಫಿಲಿಪೀನ್ಸ್‌ನ 1987ರ ಸಂವಿಧಾನ ಹೇಳುತ್ತದೆ. ದಶಕಗಳು ಉರುಳಿದರೂ ಅದಕ್ಕೆ ತಕ್ಕ ಸಮಗ್ರ ಕಾನೂನು ಆಗಲಿಲ್ಲ. ಒಬ್ಬರೇ ಸತತ ಮೂರು ಅವಧಿಗಿಂತ ಹೆಚ್ಚು ಕಾಲ ಮೇಯರ್ ಆಗಿರುವಂತಿಲ್ಲ ಎಂಬ ಮಿತಿಯೇನೋ ಇದೆ. ಆದರೆ ಗಂಡನ ಅವಧಿ ಮುಗಿದಾಗ ಹೆಂಡತಿ, ಅಪ್ಪನದು ಮುಗಿದಾಗ ಮಗ ಕುರ್ಚಿಗೆ ಬರುವುದು ಅಲ್ಲಿ ಮಾಮೂಲು. ಇಂಥ ದೇಶದಲ್ಲಿ ರಾಜಕಾರಣ ಮಾಡಿದ ಜೆಸ್ಸಿ ರೊಬ್ರೆಡೊ ಅವರ ಬಗ್ಗೆ ಇವತ್ತು ಹೇಳಬೇಕೆಂದಿದ್ದೇನೆ.

ಲುಝಾನ್ ದ್ವೀಪದ ಆಗ್ನೇಯ ತುದಿಯ ಬಿಕೋಲ್ ಸೀಮೆಯಲ್ಲಿ, ಕಾಮರಿನೆಸ್ ಸುರ್ ಪ್ರಾಂತ್ಯದ ನಡುವೆ ನಾಗಾ ಎಂಬ ಊರಿದೆ. ಜೆಸ್ಸಿ ಹುಟ್ಟಿದ್ದು ಅಲ್ಲೇ, 1958ರಲ್ಲಿ. ಮನಿಲಾದಲ್ಲಿ ಎಂಜಿನಿಯರಿಂಗ್ ಓದಿ, ಸ್ಯಾನ್ ಮಿಗೆಲ್ ಕಂಪನಿಯಲ್ಲಿ ಕೆಲಸ ಮಾಡಿ, ಊರಿಗೆ ಮರಳಿದರು. 1988ರಲ್ಲಿ ಮೇಯರ್ ಚುನಾವಣೆಗೆ ನಿಂತು ಅತ್ಯಲ್ಪ ಅಂತರದಿಂದ ಗೆದ್ದಾಗ ವಯಸ್ಸು ಇಪ್ಪತ್ತೊಂಬತ್ತು. ಒಂದು ಮಾತನ್ನು ಮುಚ್ಚಿಡಬಾರದು. ಆ ಗೆಲುವಿನ ಹಿಂದೆಯೂ ಮನೆತನದ ಬಲವಿತ್ತು. ಪ್ರಾಂತ್ಯದ ಪ್ರಬಲ ನಾಯಕ ಲೂಯಿಸ್ ವಿಲ್ಯಾಫ್ಯುಯೆರ್ಟೆ ಜೆಸ್ಸಿಯ ಬಂಧು, ಬೆಂಬಲಿಗ. ಆದರೆ ನಂಟು ಬೇಗನೆ ಹಳಸಿತು. 1992ರಲ್ಲಿ ವಿಲ್ಯಾಫ್ಯುಯೆರ್ಟೆ ತಮ್ಮ ಸೋದರಿಯನ್ನೇ ಎದುರಾಳಿಯಾಗಿ ನಿಲ್ಲಿಸಿದರು, ಜೆಸ್ಸಿ ಗೆದ್ದರು. ಅಜ್ಜ ಚೀನಾದಿಂದ ಬಂದವರು, ಮೊಮ್ಮಗ ಫಿಲಿಪೀನ್ಸ್ ಪ್ರಜೆಯೇ ಅಲ್ಲ ಎಂಬ ತಕರಾರು ಮುಂದೆ ಚುನಾವಣೆಯಿಂದ ಚುನಾವಣೆಗೆ ಬರುತ್ತಲೇ ಇತ್ತು. ಒಮ್ಮೆಯೂ ಊರ್ಜಿತವಾಗಲಿಲ್ಲ.

ಅಲ್ಲಿನ ಮೇಯರ್ ಹುದ್ದೆ ನಮ್ಮ ಪಾಲಿಕೆಗಳದ್ದರ ಹಾಗಲ್ಲ. ಜನ ನೇರವಾಗಿ ಮೂರು ವರ್ಷಕ್ಕೆ ಆರಿಸುತ್ತಾರೆ. ನಮ್ಮಲ್ಲಿ ಕಮಿಷನರ್ ಕೈಯಲ್ಲಿರುವ ಅಧಿಕಾರವೂ ಅವರದೇ. ಅಧಿಕಾರವೇನೋ ಇತ್ತು, ಆದರೆ ಜೆಸ್ಸಿಗೆ ಸಿಕ್ಕಿದ ಬೊಕ್ಕಸ ಖಾಲಿ. ಊರ ನಡುವೆ ಬಸ್ಸುಗಳ ದಟ್ಟಣೆ, ಸಂದಿಗೊಂದಿಯಲ್ಲಿ ಜೂಜಿನ ದಂಧೆ, ಖಾಲಿ ಜಾಗಗಳಲ್ಲಿ ಗುಡಿಸಲು ಹಾಕಿಕೊಂಡ ಬಡವರು. ಜೆಸ್ಸಿ ಮೊದಲು ಕೈಹಾಕಿದ್ದು ತಮ್ಮದೇ ಕಚೇರಿಗೆ. ಶಿಫಾರಸಿನ ನೇಮಕಾತಿ ನಿಲ್ಲಿಸಿ, ಅರ್ಹತೆ ನೋಡಿ ಕೆಲಸ ಹಂಚಿದರು. ಆಮೇಲೆ ಜೂಜಿನವರನ್ನು ಹೊರಹಾಕಿದರು, ಬಸ್ ನಿಲ್ದಾಣವನ್ನು ಊರಂಚಿಗೆ ಸಾಗಿಸಿದರು. 1990ರ ಹೊತ್ತಿಗೆ ನಾಗಾ ಮತ್ತೆ ಮೊದಲ ದರ್ಜೆಯ ನಗರವಾಯಿತು.

ಇಷ್ಟನ್ನು ಯಾವ ದಕ್ಷ ಆಡಳಿತಗಾರನೂ ಮಾಡಬಹುದು. ನನ್ನನ್ನು ಹಿಡಿದು ನಿಲ್ಲಿಸುವುದು ಅದರ ಮುಂದಿನದು. ಒಳ್ಳೆಯ ಮೇಯರ್ ಹೋಗಿ ಕೆಟ್ಟವನು ಬಂದರೆ ಏನು ಗತಿ ಎಂಬುದನ್ನು ಜೆಸ್ಸಿ ಕುರ್ಚಿಯಲ್ಲಿದ್ದಾಗಲೇ ಯೋಚಿಸಿದರು. ಅದರ ಫಲವಾಗಿ 1995ರ ನಗರ ಶಾಸನದ ಮೂಲಕ ಊರ ಸಂಘಗಳ ಒಕ್ಕೂಟವಾದ ನಾಗಾ ಜನಪರಿಷತ್ತಿಗೆ ಮಾನ್ಯತೆ ಸಿಕ್ಕಿತು. ರೈತರು, ಕೊಳೆಗೇರಿ ನಿವಾಸಿಗಳು, ಮಹಿಳೆಯರು, ವ್ಯಾಪಾರಿಗಳು, ಹೀಗೆ ನಾನಾ ಸಂಘಗಳ ಪ್ರತಿನಿಧಿಗಳು ನಗರಸಭೆಯ ಸಮಿತಿಗಳಲ್ಲಿ ಕೂತು ಮಾತಾಡಬಹುದು, ಮತವನ್ನೂ ಹಾಕಬಹುದು. ಯಾರನ್ನು ಕಳಿಸಬೇಕೆಂದು ತೀರ್ಮಾನಿಸುವುದು ಸಂಘಗಳೇ, ಮೇಯರ್ ಅಲ್ಲ.

ಇನ್ನೊಂದು, ನಾಗರಿಕ ಸನ್ನದಿನ ಪುಸ್ತಕ. ಅಂಗಡಿಯ ಪರವಾನಗಿ ಬೇಕೇ? ಯಾವ ಕಾಗದ ತರಬೇಕು, ಯಾವ ಕಚೇರಿಗೆ ಹೋಗಬೇಕು, ಶುಲ್ಕ ಎಷ್ಟು, ಒಂದೊಂದು ಹಂತಕ್ಕೂ ಎಷ್ಟು ಹೊತ್ತು ಹಿಡಿಯುತ್ತದೆ, ಅದಕ್ಕೆ ಯಾರು ಹೊಣೆ, ಎಲ್ಲವೂ ಅದರಲ್ಲಿದೆ. ಆ ಪುಟ ತೆರೆದು ಮುಂದಿಟ್ಟ ಮೇಲೆ ನಾಳೆ ಬನ್ನಿ ಎನ್ನುವುದು ಗುಮಾಸ್ತನಿಗೆ ಸುಲಭವಲ್ಲ. ಸರ್ಕಾರಿ ಕಚೇರಿಯ ಬೆಂಚಿನ ಮೇಲೆ ಅರ್ಧ ದಿನ ಕಳೆದವರಿಗೆ ಇದರ ಬೆಲೆ ಬಿಡಿಸಿ ಹೇಳಬೇಕಿಲ್ಲ.

1998ರಲ್ಲಿ ಅವಧಿಯ ಮಿತಿ ಬಂದಾಗ ಜೆಸ್ಸಿ ತಮ್ಮ ಜಾಗಕ್ಕೆ ಮನೆಯವರನ್ನು ತರಲಿಲ್ಲ. ಓದಲು ಹಾರ್ವರ್ಡ್‌ಗೆ ಹೋದರು. 2000ದಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು, ನಮ್ಮ ಹೆಗ್ಗೋಡಿನ ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಸಂದದ್ದೂ ಇದೇ. 2001ರಿಂದ 2010ರವರೆಗೆ ಮತ್ತೆ ಮೇಯರ್. ಚಂಡಮಾರುತ ಹಾದುಹೋದ ಮೇಲೆ ಚಡ್ಡಿ, ರಬ್ಬರ್ ಚಪ್ಪಲಿಯಲ್ಲಿ ಸಲಿಕೆ ಹಿಡಿದು ಬೀದಿಯ ಕೆಸರು ಎತ್ತುತ್ತಿದ್ದ ಅವರನ್ನು ಊರು ಕಂಡಿದೆ.

2010ರಲ್ಲಿ ಅಧ್ಯಕ್ಷ ಬೆನಿಗ್ನೊ ಅಕಿನೊ ಜೆಸ್ಸಿಯವರನ್ನು ಆಂತರಿಕ ವ್ಯವಹಾರ ಮತ್ತು ಸ್ಥಳೀಯ ಆಡಳಿತದ ಸಚಿವರನ್ನಾಗಿ ಮಾಡಿದರು. ಸ್ಥಳೀಯ ಸಂಸ್ಥೆಗಳೆಲ್ಲ ತಮ್ಮ ಬಜೆಟ್ಟು, ಟೆಂಡರು, ಖರ್ಚನ್ನು ಜನರಿಗೆ ಕಾಣುವಂತೆ ಪ್ರಕಟಿಸಬೇಕೆಂದು ಅಲ್ಲಿ ಪಟ್ಟು ಹಿಡಿದರು. ಹೀಗಿದ್ದೂ ಅವರ ನೇಮಕಕ್ಕೆ ಸಂಸತ್ತಿನ ಸಮಿತಿಯ ಒಪ್ಪಿಗೆ ಕೊನೆಗೂ ಸಿಗಲಿಲ್ಲ. ನನಗೆ ಇದು ಇಂದಿಗೂ ನೋವಿನ ಸಂಗತಿ. 2012ರ ಆಗಸ್ಟ್ 18ರಂದು ಸೆಬುವಿನಿಂದ ನಾಗಾಕ್ಕೆ ಮರಳುವಾಗ ಅವರಿದ್ದ ಪುಟ್ಟ ವಿಮಾನ ಮಸ್ಬಾತೆ ಬಳಿ ಸಮುದ್ರಕ್ಕೆ ಬಿತ್ತು. ಶರೀರ ಸಿಕ್ಕಿದ್ದು ಮೂರು ದಿನದ ಮೇಲೆ.

ಗಂಡ ಬದುಕಿರುವವರೆಗೆ ಚುನಾವಣೆಗೆ ನಿಲ್ಲದ ಅವರ ಪತ್ನಿ, ವಕೀಲೆ ಲೆನಿ ರೊಬ್ರೆಡೊ 2013ರಲ್ಲಿ ಸಂಸದೆಯಾದರು, 2016ರಲ್ಲಿ ಉಪಾಧ್ಯಕ್ಷೆ, 2025ರಲ್ಲಿ ನಾಗಾದ ಮೇಯರ್. ಇದೂ ಮನೆತನದ ರಾಜಕಾರಣವೇ ತಾನೆ ಎಂದು ಯಾರಾದರೂ ಕೇಳಿದರೆ ಆ ಪ್ರಶ್ನೆ ನ್ಯಾಯವಾದದ್ದೇ. ನಾಗಾದ ಜನ ಅದನ್ನು ಲೆನಿಯವರನ್ನೇ ಕೇಳಬಹುದು. ಹಾಗೆ ಕೇಳಲು ಬೇಕಾದ ಸಮಿತಿಯ ಮತ, ಸನ್ನದಿನ ಪುಸ್ತಕ, ಬಯಲಿಗಿಟ್ಟ ಲೆಕ್ಕ ಮೂರನ್ನೂ ಜೆಸ್ಸಿ ಆ ಜನರ ಕೈಗೆ ಕೊಟ್ಟಿದ್ದಾರೆ.