ಒಲೆಯ ದೋಷ, ಒಲೆಯ ಉಪಚಾರ

(ಬಳಗದ ಶಿಬಿರದಲ್ಲಿ ಗ್ರಾಮಸ್ಥರನ್ನೂ ವಿದ್ಯಾರ್ಥಿಗಳನ್ನೂ ಉದ್ದೇಶಿಸಿ ನೀಡಿದ ಉಪನ್ಯಾಸದ ಬರಹರೂಪ)



ಕಾಡಿನ ಒಂದು ತುದಿ ಬೆಟ್ಟದಲ್ಲಿದ್ದರೆ ಇನ್ನೊಂದು ತುದಿ ನಮ್ಮ ಒಲೆಯ ಬಾಯಲ್ಲಿದೆ. ಮೊದಲನೆಯ ತುದಿಯ ಬಗ್ಗೆ ನಾವು ಸಾಕಷ್ಟು ಸಭೆ ನಡೆಸಿದ್ದೇವೆ. ಎರಡನೆಯದನ್ನು ಹೆಂಗಸರ ಪಾಲಿಗೆ ಬಿಟ್ಟಿದ್ದೇವೆ. ಆದ್ದರಿಂದ ಇಂದು ಒಲೆಯ ದೋಷಗಳನ್ನೂ ಅವುಗಳ ಪರಿಹಾರವನ್ನೂ ಕುರಿತು ಹೇಳಬಯಸುತ್ತೇನೆ.

ನಮ್ಮಲ್ಲಿ ಅನೇಕರ ಮನೆಗೆ ಈಗ ಅಡುಗೆ ಅನಿಲ ಬಂದಿದೆ. 2016ರಲ್ಲಿ ಆರಂಭವಾದ ಉಜ್ವಲ ಯೋಜನೆಯಿಂದ ಬಡವರ ಮನೆಗೂ ಸಿಲಿಂಡರು ತಲುಪಿತು. ಆದರೂ ಅನ್ನ ಬೇಯಿಸಲು, ದನಕ್ಕೆ ಮಡ್ಡಿ ಕಾಯಿಸಲು, ಸ್ನಾನದ ನೀರಿಗೆ ಕಟ್ಟಿಗೆಯ ಒಲೆ ಉರಿಯುತ್ತಲೇ ಇದೆ. ಅದು ಉರಿಯುವಷ್ಟು ಕಾಲ ಸರಿಯಾಗಿ ಉರಿಯಲಿ ಎಂಬುದಷ್ಟೇ ನನ್ನ ವಾದ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ 'ಅಸ್ತ್ರ' ಎಂಬ ಗ್ರಾಮೀಣ ತಂತ್ರಜ್ಞಾನ ವಿಭಾಗ ಹುಟ್ಟಿತು. ಅಲ್ಲಿ ರೂಪುಗೊಂಡ ಮೂರು ಪಾತ್ರೆಗಳ ಅಸ್ತ್ರ ಒಲೆಯನ್ನು ಹಿರಿಯರು ಬಲ್ಲರು. ಕೇಂದ್ರ ಸರಕಾರದ ಸುಧಾರಿತ ಒಲೆಗಳ ಕಾರ್ಯಕ್ರಮವು 1980ರ ದಶಕದಲ್ಲಿ ಆರಂಭವಾಗಿ 2002ರಲ್ಲಿ ನಿಲ್ಲುವುದರೊಳಗೆ ದೇಶದಲ್ಲಿ 3 ಕೋಟಿಗೂ ಹೆಚ್ಚು ಒಲೆಗಳನ್ನು ಕಟ್ಟಿಸಿತು. ಅವುಗಳಲ್ಲಿ ಬಹಳಷ್ಟು ಕೆಲವೇ ವರ್ಷಗಳಲ್ಲಿ ಮೂಲೆ ಸೇರಿದವು. "ಆ ಒಲೆ ಸರಿಯಿಲ್ಲ, ಹೊಗೆ ತಿರುಗಿ ಬರುತ್ತದೆ" ಎಂಬುದೇ ಎಲ್ಲೆಡೆ ಕೇಳಿಬಂದ ದೂರು.

ಒಡಿಶಾದ ಹಳ್ಳಿಗಳಲ್ಲಿ ರೆಮಾ ಹನ್ನಾ, ಎಸ್ತರ್ ಡುಫ್ಲೋ, ಮೈಕೆಲ್ ಗ್ರೀನ್‌ಸ್ಟೋನ್ ಎಂಬ ಅರ್ಥಶಾಸ್ತ್ರಜ್ಞರು ಇಂಥ ಒಲೆಗಳನ್ನು ನಾಲ್ಕು ವರ್ಷಗಳವರೆಗೆ ಗಮನಿಸಿದರು. 2016ರಲ್ಲಿ ಪ್ರಕಟವಾದ ಅವರ ಅಧ್ಯಯನದ ಪ್ರಕಾರ, ಮೊದಲ ವರ್ಷ ಅಡುಗೆಯವರು ಸೇವಿಸುವ ಹೊಗೆ ಕಡಿಮೆಯಾಯಿತು. ಅನಂತರ ಆ ಲಾಭ ಕಾಣದಾಯಿತು. ಕಾರಣ, ಒಲೆಗಳ ನಿಗಾ ತಪ್ಪಿತ್ತು, ಬಳಕೆಯೂ ಇಳಿದಿತ್ತು. ಒಲೆ ಕಟ್ಟುವುದು ಒಂದು ದಿನದ ಕೆಲಸ. ಅದನ್ನು ನಡೆಸಿಕೊಂಡು ಹೋಗುವುದು ವರ್ಷವಿಡೀ ಮಾಡಬೇಕಾದ ಕೆಲಸ. ನಮ್ಮ ಸೋಲು ಇರುವುದು ಎರಡನೆಯದರಲ್ಲಿ.

ಒಲೆ ಹೇಗೆ ಉಸಿರಾಡುತ್ತದೆ?

ದೋಷ ಹುಡುಕುವ ಮೊದಲು ಒಲೆಯ ಕ್ರಮ ತಿಳಿಯಬೇಕು. ಬಿಸಿಗಾಳಿ ಹಗುರ, ತಣ್ಣನೆಯ ಗಾಳಿ ಭಾರ. ಹೊಗೆಕೊಳವೆಯೊಳಗಿನ ಬಿಸಿಗಾಳಿ ಮೇಲೇರಿದಂತೆ ಒಲೆಯ ಬಾಯಿಂದ ಹೊಸ ಗಾಳಿ ಒಳಗೆ ಬರುತ್ತದೆ. ಇದನ್ನು ಸೆಳೆತ ಎನ್ನೋಣ. ಕೊಳವೆ ಎತ್ತರವಾಗಿದ್ದಷ್ಟೂ, ಒಳಗಿನ ಗಾಳಿ ಬಿಸಿಯಾಗಿದ್ದಷ್ಟೂ ಸೆಳೆತ ಹೆಚ್ಚು. ದಾರಿಯಲ್ಲಿ ಎಲ್ಲಿಯಾದರೂ ಅಡ್ಡಿ ಬಂದರೆ ಅಥವಾ ಬೇಡದ ಕಡೆ ಗಾಳಿ ನುಗ್ಗಿದರೆ ಸೆಳೆತ ಕುಗ್ಗುತ್ತದೆ.

ಇದನ್ನು ಪರೀಕ್ಷಿಸಲು ಒಂದು ಊದುಬತ್ತಿ ಸಾಕು. ಒಲೆ ಉರಿಯುತ್ತಿರುವಾಗ ಊದುಬತ್ತಿಯನ್ನು ಒಲೆಯ ಬಾಯಿಯ ಮೇಲಂಚಿಗೆ ಹಿಡಿಯಿರಿ. ಹೊಗೆಯ ಎಳೆ ಒಳಕ್ಕೆ ಬಾಗಿದರೆ ಸೆಳೆತ ಸರಿಯಿದೆ. ಹೊರಕ್ಕೆ ಬಾಗಿದರೆ ಒಲೆಗೆ ಉಸಿರು ಕಟ್ಟಿದೆ. ಪಾತ್ರೆಯ ಸುತ್ತಲೂ ಹೀಗೆಯೇ ಹಿಡಿದು ನೋಡಿದರೆ ಸಂದು ಎಲ್ಲಿದೆಯೆಂದು ತಿಳಿಯುತ್ತದೆ.

ಸಾಮಾನ್ಯ ದೋಷಗಳು

ಮೊದಲನೆಯದು, ಹೊತ್ತಿಸುವಾಗ ಮಾತ್ರ ಹೊಗೆ ತಿರುಗಿ ಬರುವುದು. ಮಳೆಗಾಲದ ಬೆಳಗ್ಗೆ ಕೊಳವೆ ತಣ್ಣಗಿರುತ್ತದೆ, ಸೆಳೆತ ಹುಟ್ಟಿರುವುದಿಲ್ಲ. ಕೊಳವೆಗೆ ಹತ್ತಿರವಿರುವ ಪಾತ್ರೆಯ ಕುಣಿಯಲ್ಲಿ ಒಣಗಿದ ಸೋಗೆಯನ್ನೋ ಅಡಿಕೆ ಹಾಳೆಯ ಚೂರನ್ನೋ ಒಂದೆರಡು ನಿಮಿಷ ಉರಿಸಿ, ಪಾತ್ರೆ ಇಟ್ಟು, ಆಮೇಲೆ ಒಲೆ ಹೊತ್ತಿಸಿರಿ. ಪ್ಲಾಸ್ಟಿಕ್ ಚೀಲದಿಂದ ಹೊತ್ತಿಸುವ ಅಭ್ಯಾಸ ಈಗ ಬೆಳೆದಿದೆ. ಅದರ ಹೊಗೆ ವಿಷ.

ಎರಡನೆಯದು, ಸದಾಕಾಲ ಹೊಗೆ ಬರುವುದು. ಮೊದಲು ಕುಣಿಗಳನ್ನು ನೋಡಿರಿ. ಪಾತ್ರೆ ಇಡದೆ ಒಂದು ಕುಣಿಯನ್ನು ತೆರೆದುಬಿಟ್ಟರೆ ಅಲ್ಲಿಂದ ತಣ್ಣನೆಯ ಗಾಳಿ ನುಗ್ಗಿ ಸೆಳೆತವನ್ನು ಮುರಿಯುತ್ತದೆ. ಬಳಸದ ಕುಣಿಯ ಮೇಲೆ ನೀರಿನ ಪಾತ್ರೆಯಾದರೂ ಇರಬೇಕು. ಕುಣಿಗಿಂತ ಸಣ್ಣ ಪಾತ್ರೆಯಾದರೆ ಸುತ್ತಲೂ ಬಳೆಯಾಕಾರದ ಮಣ್ಣಿನ ಅಂಚು ಕಟ್ಟಿರಿ. ಕುಣಿಗಳು ಸರಿಯಿದ್ದರೆ ಕೊಳವೆಯನ್ನು ನೋಡಿರಿ. ಒಳಗೆ ಮಸಿ ಕಟ್ಟಿರಬಹುದು, ಕಣಜ ಗೂಡು ಮಾಡಿರಬಹುದು, ಮೇಲಿನ ಟೋಪಿ ಕುಸಿದು ಬಾಯಿ ಮುಚ್ಚಿರಬಹುದು.

ಮೂರನೆಯದು, ಗಾಳಿ ಬೀಸಿದಾಗ ಮಾತ್ರ ಹೊಗೆ ಬರುವುದು. ಕೊಳವೆಯ ತುದಿ ಮಾಡಿನ ನೆತ್ತಿಗಿಂತ ತಗ್ಗಿದ್ದರೆ ಮುಂಗಾರಿನ ಪಶ್ಚಿಮದ ಗಾಳಿ ನೆತ್ತಿಗೆ ಬಡಿದು ಕೆಳಕ್ಕೆ ಒತ್ತುತ್ತದೆ. ಕೊಳವೆ ನೆತ್ತಿಗಿಂತ ಕನಿಷ್ಠ 2 ಅಡಿ ಮೇಲಿರಲಿ.

ನಾಲ್ಕನೆಯದು, ಮೊದಲ ಪಾತ್ರೆ ಕುದಿದರೂ ಹಿಂದಿನವು ಬಿಸಿಯಾಗದಿರುವುದು. ಕುಣಿಗಳ ನಡುವಿನ ದಾರಿಯಲ್ಲಿ ಬೂದಿ ತುಂಬಿದೆ ಎಂದರ್ಥ. ಅಡಿಕೆ ಸಿಪ್ಪೆ, ತರಗೆಲೆಯಂಥ ಹಗುರ ಉರುವಲು ಬಳಸುವ ಮನೆಗಳಲ್ಲಿ ಇದು ಬೇಗ ಆಗುತ್ತದೆ. ವಾರಕ್ಕೊಮ್ಮೆ ಪಾತ್ರೆ ತೆಗೆದು ಬೂದಿ ಬಾಚಬೇಕು.

ಐದನೆಯದು, ಉರಿ ಮಂದವಾಗುವುದು. ಜಾಲರಿಯ ಕೆಳಗಿನ ಬೂದಿಯನ್ನು ದಿನವೂ ತೆಗೆಯಿರಿ. ಗಾಳಿ ಒಳಬರುವ ದಾರಿ ಅದೇ. ಒಲೆಯ ಬಾಯಿಗೆ ಕಟ್ಟಿಗೆ ತುರುಕಿದರೂ ಉಸಿರು ಕಟ್ಟುತ್ತದೆ. ಸಣ್ಣದಾಗಿ ಸೀಳಿದ ಎರಡು ಮೂರು ತುಂಡು ಸಾಕು.

ಆರನೆಯದು, ಬಿರುಕು. ಬೆಂಕಿಗೂಡಿಗೆ ಸಿಮೆಂಟು ಮೆತ್ತಬೇಡಿರಿ. ಕಾವಿಗೆ ಅದು ಬಲ ಕಳೆದುಕೊಂಡು ಉದುರುತ್ತದೆ. ಹುತ್ತದ ಮಣ್ಣು, ಮರಳು, ಸಗಣಿ, ಭತ್ತದ ಹೊಟ್ಟು ಕಲಸಿ ಕೊಳೆಯಲು ಬಿಟ್ಟು ಮೆತ್ತಿದರೆ ಬಹುಕಾಲ ನಿಲ್ಲುತ್ತದೆ.

ಕಟ್ಟಿಗೆಯ ದೋಷ

ಒಲೆ ಸರಿಯಿದ್ದೂ ಕಟ್ಟಿಗೆ ಹಸಿಯಿದ್ದರೆ ಫಲವಿಲ್ಲ. ಆಗಷ್ಟೇ ಕಡಿದ ಕಟ್ಟಿಗೆಯ ತೂಕದಲ್ಲಿ ಸುಮಾರು ಅರ್ಧ ನೀರೇ ಇರುತ್ತದೆ. ಆ ನೀರು ಆವಿಯಾಗುವವರೆಗೆ ಉರಿ ಏಳುವುದಿಲ್ಲ. ಅರೆಬೆಂದ ಕಟ್ಟಿಗೆ ಹೊಗೆಯುಗುಳುತ್ತದೆ. ಆ ಹೊಗೆ ಕೊಳವೆಯಲ್ಲಿ ಡಾಂಬರಿನಂಥ ಜಿಗುಟಾಗಿ ಕೂರುತ್ತದೆ. ಹಾಗೆ ಕೂತದ್ದು ಮುಂದೊಂದು ದಿನ ಕೊಳವೆಯೊಳಗೇ ಹೊತ್ತಿಕೊಂಡು ಮಾಡಿಗೆ ಅಪಾಯ ತರಬಹುದು. ಬೇಸಿಗೆಯಲ್ಲೇ ಸೀಳಿ ಒಣಗಿಸಿ ಸೂರಿನಡಿ ಒಟ್ಟಿದ ಕಟ್ಟಿಗೆಯಲ್ಲಿ ನೀರಿನಂಶ ಶೇಕಡಾ 15ರಿಂದ 20ಕ್ಕೆ ಇಳಿಯುತ್ತದೆ. ನಮ್ಮ ಹಿರಿಯರು ಮಳೆಗೆ ಮುಂಚೆ ಕಟ್ಟಿಗೆ ಕೊಟ್ಟಿಗೆ ತುಂಬಿಸುತ್ತಿದ್ದುದು ಇದಕ್ಕಾಗಿಯೇ.

ಬಚ್ಚಲ ಒಲೆ

ಮಲೆನಾಡಿನಲ್ಲಿ ಅಡುಗೆಗಿಂತ ಬಚ್ಚಲ ಹಂಡೆಗೆ ಹೆಚ್ಚು ಕಟ್ಟಿಗೆ ಸುಡುವ ಮನೆಗಳುಂಟು. ವಿದ್ಯಾರ್ಥಿಗಳು ಈ ಲೆಕ್ಕ ಬರೆದುಕೊಳ್ಳಲಿ. 40 ಲೀಟರ್ ನೀರಿನ ಉಷ್ಣತೆಯನ್ನು 20 ಡಿಗ್ರಿ ಏರಿಸಲು ಬೇಕಾದ ಶಾಖ, ಒಣ ಕಟ್ಟಿಗೆಯ ಲೆಕ್ಕದಲ್ಲಿ, ಕಾಲು ಕಿಲೋಗಿಂತ ಕಡಿಮೆ. ಶಾಖದ ಹತ್ತನೆಯ ಒಂದು ಪಾಲು ಮಾತ್ರ ನೀರಿಗೆ ಸೇರುವ ಒಲೆಯಲ್ಲಿ ಅದಕ್ಕೆ ಎರಡೂಕಾಲು ಕಿಲೋ ಬೇಕು. ಶೇಕಡಾ 30 ಸೇರುವ ಒಲೆಯಲ್ಲಿ ಮುಕ್ಕಾಲು ಕಿಲೋ ಸಾಕು. ದಿನಕ್ಕೆ ಒಂದೂವರೆ ಕಿಲೋ ಉಳಿದರೆ ವರ್ಷಕ್ಕೆ ಸುಮಾರು ಐದೂವರೆ ಕ್ವಿಂಟಾಲು. ಒಂದು ಊರಿನಲ್ಲಿ 50 ಮನೆಗಳಿದ್ದರೆ ಬೆಟ್ಟದಲ್ಲಿ ಉಳಿಯುವುದೆಷ್ಟು ಎಂಬುದನ್ನು ನೀವೇ ಗುಣಿಸಿರಿ. ಇಲ್ಲಿನ ದೋಷಗಳೂ ಸರಳ: ಹಂಡೆಗೆ ಮುಚ್ಚಳವಿಲ್ಲ, ತಳದಲ್ಲಿ ದಪ್ಪ ಮಸಿ, ಸುತ್ತಲೂ ಅಗಲವಾದ ಸಂದು, ಅಗತ್ಯಕ್ಕಿಂತ ದೊಡ್ಡ ಒಲೆಬಾಯಿ. ಮುಚ್ಚಳ ಹಾಕುವುದಕ್ಕೆ ಯಾವ ಯೋಜನೆಯೂ ಬೇಕಿಲ್ಲ.

ಎಚ್ಚರಿಕೆಯ ಎರಡು ಮಾತು

ಹಳೆಯ ಸುಧಾರಿತ ಒಲೆಗಳಿಗೆ ಕಲ್ನಾರಿನ, ಅಂದರೆ ಆಸ್ಬೆಸ್ಟಾಸ್ ಸಿಮೆಂಟಿನ ಕೊಳವೆ ಹಾಕಿದ್ದುಂಟು. ಅದನ್ನು ಕೊರೆಯುವುದು, ಒಡೆಯುವುದು, ಒಣಗಿರುವಾಗ ಕೆರೆಯುವುದು ಕೂಡದು; ಅದರ ನವಿರಾದ ಎಳೆಗಳು ಶ್ವಾಸಕೋಶಕ್ಕೆ ಮಾರಕ. ಶಿಥಿಲವಾಗಿದ್ದರೆ ನೀರು ಚಿಮುಕಿಸಿ, ಮೂಗು ಬಾಯಿ ಮುಚ್ಚಿಕೊಂಡು ಇಡಿಯಾಗಿ ಇಳಿಸಿ, ತಗಡಿನ ಅಥವಾ ಸುಟ್ಟ ಮಣ್ಣಿನ ಕೊಳವೆ ಹಾಕಿಸಿರಿ. ಎರಡನೆಯದು, ಚಳಿಗೆಂದು ಕೆಂಡವನ್ನು ಮುಚ್ಚಿದ ಕೋಣೆಯಲ್ಲಿಟ್ಟು ಮಲಗಬೇಡಿರಿ. ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡ್ ನಿದ್ದೆಯಲ್ಲೇ ಪ್ರಾಣ ತೆಗೆಯುತ್ತದೆ.

ಒಲೆಯ ಬೂದಿ ತಿಪ್ಪೆಯ ಪಾಲಾಗದಿರಲಿ. ಅದರಲ್ಲಿ ಪೊಟ್ಯಾಷ್ ಮತ್ತು ಸುಣ್ಣದ ಅಂಶವಿದೆ. ಮಳೆಗೆ ತೊಳೆದು ಹುಳಿಯಾದ ನಮ್ಮ ತೋಟದ ಮಣ್ಣಿಗೆ ಅದು ಹಿತ. ಮಳೆ ತಾಗದಂತೆ ಇಡಿರಿ. ಯೂರಿಯಾ ಅಥವಾ ಗಂಜಲದೊಡನೆ ಬೆರೆಸದಿರಿ, ಸಾರಜನಕ ಹಾರಿಹೋಗುತ್ತದೆ.

ನಿಗಾ ಯಾರದು?

ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಅಕಾಲ ಮರಣಕ್ಕೀಡಾದರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ಆ ಹೊಗೆಯ ಹತ್ತಿರ ಹೆಚ್ಚು ಹೊತ್ತು ಕೂರುವವರು ತಾಯಂದಿರು, ಅವರ ಮಡಿಲಿನ ಮಕ್ಕಳು. ಮಸಿ ತೆಗೆಯಲು ಏಣಿ ಹಾಕಿ ಮಾಡು ಹತ್ತಬೇಕು; ಹೆಂಚು ಸರಿಸುವವರು, ಸೋಗೆ ಹೊದಿಸುವವರು ಮನೆಯ ಗಂಡಸರು. ಹೊಗೆ ಕುಡಿಯುವವರು ಒಬ್ಬರು, ಏಣಿ ಇರುವುದು ಇನ್ನೊಬ್ಬರ ಕೈಯಲ್ಲಿ. ಒಲೆಗಳು ಕೆಟ್ಟುಹೋದುದರ ಒಳಗುಟ್ಟು ಇಲ್ಲಿಯೂ ಇದೆಯೆಂದು ನಾನು ಭಾವಿಸುತ್ತೇನೆ.

ಆದುದರಿಂದ ನನ್ನ ಸಲಹೆ ಇಷ್ಟೇ. ಮಳೆಗಾಲಕ್ಕೆ ಮುನ್ನ ಒಮ್ಮೆ, ದೀಪಾವಳಿಗೆ ಒಮ್ಮೆ, ಸಂಕ್ರಾಂತಿಯ ಹೊತ್ತಿಗೆ ಒಮ್ಮೆ ಕೊಳವೆ ತೆಗೆದು ಮಸಿ ಬಡಿಯುವ ಕೆಲಸವನ್ನು ಮನೆಯ ಗಂಡಸರು ವಹಿಸಿಕೊಳ್ಳಲಿ. ವಿದ್ಯಾರ್ಥಿಗಳು ಊದುಬತ್ತಿ ಹಿಡಿದು ತಮ್ಮ ಕೇರಿಯ ಒಲೆಗಳನ್ನು ನೋಡಿ, ಯಾವ ದೋಷ ಎಷ್ಟು ಮನೆಯಲ್ಲಿದೆ ಎಂಬುದನ್ನು ಬರೆದು ತರಲಿ. ಮುಂದಿನ ಸಭೆಯಲ್ಲಿ ಆ ಪಟ್ಟಿಯನ್ನು ಮುಂದಿಟ್ಟುಕೊಂಡು ಮಾತನಾಡೋಣ.