ವಿದೇಶಕ್ಕೆ ಹೊರಟವರ ಮನೆಯ ಸಾಮಾನು

ನಾನು ಹೇಳಹೊರಟಿರುವುದು ನಮ್ಮಲ್ಲಿ ಅನೇಕರ ಮನೆಯ ಮಾತು. ಮಕ್ಕಳು ಅಮೆರಿಕದಲ್ಲೋ ಆಸ್ಟ್ರೇಲಿಯಾದಲ್ಲೋ ನೆಲೆ ನಿಂತಿದ್ದಾರೆ. ವಯಸ್ಸಾದ ತಂದೆತಾಯಿಯನ್ನು ಕರೆಸಿಕೊಳ್ಳುತ್ತಾರೆ. ವೀಸಾ ಕೈಗೆ ಬಂದಮೇಲೆ ಗಡಿಬಿಡಿ ಶುರು. ನಲವತ್ತು ವರ್ಷ ಕೂಡಿಟ್ಟದ್ದು ನಾಲ್ಕು ದಿನದಲ್ಲಿ ಹಂಚಿಹೋಗುತ್ತದೆ.

ನನ್ನ ಅಕ್ಕ ಧಾರವಾಡದ ಮನೆ ಬಿಟ್ಟು ಡಲ್ಲಾಸಿನ ಮಗನ ಹತ್ತಿರ ಹೋದರು. ಟಿಕೆಟ್ಟಿಗೆ 23 ಕಿಲೋದ ಎರಡು ಪೆಟ್ಟಿಗೆ. ಆ 46 ಕಿಲೋದಲ್ಲಿ ಕುಕ್ಕರು, ಸ್ಟೀಲಿನ ಡಬ್ಬಿ, ಹೊಸ ಸೀರೆ, ಶೇಂಗಾ ಚಟ್ನಿ ತುಂಬಿದವು. ನಮ್ಮ ಅವ್ವ ಹಳೆಯ ಸೀರೆಗಳ ತುಂಡು ಕೂಡಿಸಿ ಹೊಲಿದ ಕೌದಿಯನ್ನು, “ಇದನ್ನ ಅಲ್ಲಿ ಯಾರು ಹೊದೀತಾರ” ಎಂದು ಸಾಮಾನು ಒಯ್ಯಲು ಬಂದವರಿಗೆ ಕೊಟ್ಟುಬಿಟ್ಟರು. ಮಾವನವರ ಕೈಬರಹದ ವಹಿಗಳು ರದ್ದಿಗೆ ಹೋದವು.

ಡಲ್ಲಾಸಿನ ಅಂಗಡಿಯಲ್ಲಿ ಕುಕ್ಕರೂ ಸಿಕ್ಕಿತು, ಜೋಳದ ಹಿಟ್ಟೂ ಸಿಕ್ಕಿತು. ಮೊದಲ ಚಳಿಗಾಲದಲ್ಲಿ ಅಕ್ಕ ಫೋನಿನಲ್ಲಿ, “ತಮ್ಮಾ, ಇಲ್ಲಿ ಎಲ್ಲಾ ಸಿಗತೈತಿ. ಅವ್ವನ ಕೌದಿ ಸಿಗೂದಿಲ್ಲ” ಎಂದರು. ನಾನು ಹುಡುಕಲು ಹೊರಟೆ. ಅದನ್ನು ಒಯ್ದವರು ಯಾರೆಂಬುದು ಅವರಿಗೇ ನೆನಪಿರಲಿಲ್ಲ.

ಶರಣರು ಮೋಹ ಬಿಡಿ ಎಂದರಲ್ಲ, ಒಂದು ಕೌದಿಗೇಕೆ ಇಷ್ಟು ಕೊರಗು ಎಂದು ನೀವು ಕೇಳಬಹುದು. ಅದು ಚಳಿಯಲ್ಲಿ ನಡುಗುವ ಒಬ್ಬರ ಮೈಮೇಲೆ ಇದೆ ಎಂದು ಗೊತ್ತಿದ್ದರೆ ಅಕ್ಕನಿಗೆ ಅಷ್ಟು ನೋವಾಗುತ್ತಿರಲಿಲ್ಲ. ದಾಸೋಹದಲ್ಲಿ ಉಣ್ಣುವವರ ಮುಖ ನೋಡಿ ಬಡಿಸುತ್ತೇವೆ. ಮನೆ ಖಾಲಿ ಮಾಡುವ ಅವಸರದಲ್ಲಿ ಮುಖ ನೋಡುವಷ್ಟು ಪುರುಸೊತ್ತು ಇರುವುದಿಲ್ಲ.

ರದ್ದಿಗೆ ಹೋಗುವ ಬರಹಗಳದ್ದು ಇನ್ನೂ ದೊಡ್ಡ ಹಾನಿ. ಫ.ಗು. ಹಳಕಟ್ಟಿಯವರು (1880–1964) ಮನೆಮನೆಗಳಲ್ಲಿದ್ದ ಓಲೆಗರಿ ಕಟ್ಟುಗಳನ್ನು ಹುಡುಕಿ ಕೂಡಿಸಿದರು. 1923ರಲ್ಲಿ ‘ವಚನಶಾಸ್ತ್ರಸಾರ’ ಅಚ್ಚಾಯಿತು. ಆ ಮನೆಗಳ ಹಿರಿಯರು ಕಟ್ಟುಗಳನ್ನು ಕಾಯ್ದಿಟ್ಟಿದ್ದರಿಂದಲೇ ಅವರ ಶ್ರಮ ಫಲಿಸಿತು. ನಿಮ್ಮ ಅಟ್ಟದ ಮೇಲೂ ಅಂಥದ್ದೊಂದು ಇರಬಹುದು. ಅದನ್ನು ಪೆಟ್ಟಿಗೆಯಲ್ಲಿ ಒಯ್ಯುವಂತಿಲ್ಲ. ಸಾಹಿತ್ಯಿಕ ಇಲ್ಲವೆ ಐತಿಹಾಸಿಕ ಮೌಲ್ಯವುಳ್ಳ, 75 ವರ್ಷ ತುಂಬಿದ ಹಸ್ತಪ್ರತಿಯನ್ನು ಖಾಸಗಿಯವರು ಹೊರದೇಶಕ್ಕೆ ಸಾಗಿಸುವುದನ್ನು 1972ರ ಪ್ರಾಚೀನ ವಸ್ತುಗಳ ಕಾಯ್ದೆ ತಡೆಯುತ್ತದೆ. ಹಂಪಿ ಕನ್ನಡ ವಿಶ್ವವಿದ್ಯಾಲಯದ ಹಸ್ತಪ್ರತಿ ವಿಭಾಗವನ್ನೋ ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯವನ್ನೋ ಮೊದಲೇ ವಿಚಾರಿಸಿ.

ಸರಕಾರಿ ಇಂಜಿನಿಯರನಾಗಿದ್ದವನಿಗೆ ಪಟ್ಟಿ ಬರೆಯುವ ರೂಢಿ. ಹೊರಡುವ ಆರು ತಿಂಗಳ ಮೊದಲು ಮೂರು ಪಟ್ಟಿ ಮಾಡಿ. ಅಂಗಡಿಯಲ್ಲಿ ಮತ್ತೆ ಸಿಗುವಂಥದ್ದು ಮೊದಲನೆಯದು. ಅದನ್ನು ನಿಶ್ಚಿಂತೆಯಿಂದ ಕೊಟ್ಟುಬಿಡಿ. ಮತ್ತೆ ಸಿಗದ, ಆದರೆ ಹಗುರವಾದದ್ದು ಎರಡನೆಯದು. ಪೆಟ್ಟಿಗೆಯಲ್ಲಿ ಅದಕ್ಕೆ ಮೊದಲ ಜಾಗ. ಕೌದಿ ಇಲ್ಲಿ ಬರುತ್ತದೆ. ಮತ್ತೆ ಸಿಗದ, ಒಯ್ಯಲೂ ಆಗದ ಬೀಸುವ ಕಲ್ಲು, ತೊಟ್ಟಿಲು, ಗ್ರಂಥ ಮೂರನೆಯದು. ಅವುಗಳ ಮುಂದೆ ಪಡೆಯುವವರ ಹೆಸರು ಬರೆಯಿರಿ. ಕೊಡುವಾಗ ಅದು ಯಾರದಿತ್ತು, ಯಾವಾಗ ಮನೆಗೆ ಬಂತು ಎಂದು ಹೇಳಿ ಕೊಡಿ. ವಹಿಗಳ ಪುಟಗಳನ್ನು ಮೊಮ್ಮಕ್ಕಳಿಂದ ಮೊಬೈಲಿನಲ್ಲಿ ಚಿತ್ರ ತೆಗೆಸಿಡಿ.

ಇಲ್ಲಿರುವ ತರುಣರಿಗೊಂದು ವಿನಂತಿ. ತಂದೆತಾಯಿಗೆ ಟಿಕೆಟ್ ತೆಗೆಸುವ ಮೊದಲು ಒಂದು ವಾರ ಅವರ ಜೊತೆ ಕುಳಿತು ಕಪಾಟು ತೆರೆಯಿರಿ. “ಇದು ಯಾರದವ್ವಾ?” ಎಂದು ಕೇಳಿ. ಅವರು ಹೇಳುವುದನ್ನು ಬರೆದುಕೊಳ್ಳಿ.